ಎಳೆಯರ ನಾಳೆಯನ್ನು ತೂಗುವ ತಕ್ಕಡಿ

ಹೋಲಿಸುವುದು ಮನುಷ್ಯನ ಬುದ್ಧಿಯ ಮೊದಲ ಕೆಲಸ. ಮಗು ಎರಡು ಕಾಳುಗಳನ್ನು ಅಂಗೈಯಲ್ಲಿಟ್ಟು ಇದು ದೊಡ್ಡದು, ಅದು ಚಿಕ್ಕದು ಎಂದಾಗ ಗಣಿತ ಹುಟ್ಟುತ್ತದೆ. ಕವಿ ಒಂದು ಮುಖವನ್ನು ಕಂಡು ಚಂದಿರನನ್ನು ನೆನೆದಾಗ ಉಪಮೆ ಹುಟ್ಟುತ್ತದೆ. ನ್ಯಾಯಾಧೀಶನು ಎರಡು ಪಕ್ಷಗಳ ಮಾತನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ತೀರ್ಪು ಹುಟ್ಟುತ್ತದೆ. ಆದುದರಿಂದ ಹೋಲಿಕೆಯನ್ನೇ ಬಿಟ್ಟುಬಿಡಿ ಎಂಬ ಉಪದೇಶ ಆಡಲು ಸುಲಭ, ನಡೆಸಲು ಅಸಾಧ್ಯ. ಆದರೆ ಇಬ್ಬರು ಎಳೆಯರನ್ನು ಎದುರಿಗೆ ನಿಲ್ಲಿಸಿಕೊಂಡು, ಮುಂದೆ ಇವನು ಏನಾಗುವನು, ಅವನು ಏನಾಗುವನು ಎಂದು ಅವರ ನಾಳೆಗಳನ್ನು ತೂಗಿ, ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ಬಿಡುವುದಿದೆಯಲ್ಲ, ಅದು ಬೇರೆಯೇ ಬಗೆಯ ಹೋಲಿಕೆ. ಆ ತಕ್ಕಡಿಯಲ್ಲಿ ಇಟ್ಟಿರುವುದು ಇನ್ನೂ ಬೆಳೆಯದ ಬೆಳೆ. ಹಾಗೆ ತೂಗುವುದು ಧರ್ಮವೇ? ಧರ್ಮವಾದರೆ ಅದಕ್ಕೆ ನಿಯಮಗಳೇನು? ಈ ಪ್ರಶ್ನೆಯನ್ನು ಆಟದ ಮೈದಾನದಲ್ಲಿ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯ ಸಮಾವೇಶದ ಸಂಚಿಕೆಯಲ್ಲಿ ಚೆಂಡಾಟದ ಮಾತೇಕೆ ಎಂದು ಯಾರಾದರೂ ಕೇಳಿದರೆ, ಮಹಾಭಾರತದ ಹಗೆ ಬಲಿತದ್ದೂ ಹುಡುಗರ ವಿದ್ಯಾಪ್ರದರ್ಶನದ ಅಂಗಳದಲ್ಲಿಯೇ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ಎಳೆಯರ ನಾಳೆಯನ್ನು ತೂಗುವ ಕೆಲಸವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯವರು. ಎನ್‌ಬಿಎ ಎಂದು ಕರೆಯಲಾಗುವ ಅವರ ವೃತ್ತಿಪರ ಪಂದ್ಯಾವಳಿಗೆ ವರ್ಷಕ್ಕೊಮ್ಮೆ ಹೊಸಬರನ್ನು ಆರಿಸುವ ಸಭೆ ನಡೆಯುತ್ತದೆ. ಅದಕ್ಕೆ ‘ಡ್ರಾಫ್ಟ್’ ಎಂದು ಹೆಸರು. ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರನ್ನು ಹೇಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲಿನ ಸರದಿ ದೊರೆಯುವ ಸಂಭವ ಹೆಚ್ಚು. ಎರಡು ಸುತ್ತುಗಳಲ್ಲಿ ಸುಮಾರು 60 ಹೆಸರುಗಳು ಮುಗಿಯುತ್ತವೆ. ಅದಕ್ಕೆ ಮುನ್ನ ಆ ಹುಡುಗರ ಎತ್ತರ, ಚಾಚಿದ ತೋಳುಗಳ ಅಗಲ, ಜಿಗಿತ, ಓಟ ಎಲ್ಲವನ್ನೂ ಅಳೆಯುತ್ತಾರೆ. ಇವನು ಹಿಂದಿನ ಇಂಥ ಆಟಗಾರನಂತೆ ಆಗುವನು, ಅವನು ಇಂತಿಷ್ಟು ವರ್ಷ ಬಾಳುವನು ಎಂದು ಪಂಡಿತರು ತಿಂಗಳುಗಟ್ಟಲೆ ಪಟ್ಟಿ ಬರೆಯುತ್ತಾರೆ. ಅಷ್ಟೆಲ್ಲ ಅಳತೆಗೆ ಸಿಕ್ಕ ಹುಡುಗರಿಗೆ ಹತ್ತೊಂಬತ್ತೋ ಇಪ್ಪತ್ತೋ ವರ್ಷ.

ನಮ್ಮ ದೇಶಕ್ಕೆ ಈ ಪದ್ಧತಿ ಕ್ರಿಕೆಟ್ಟಿನ ಮೂಲಕ ಬಂದಿತು. 2008ರಲ್ಲಿ ಐಪಿಎಲ್ ಆರಂಭವಾದಾಗ ದೊಡ್ಡವರಿಗೆ ಹರಾಜು, ಹತ್ತೊಂಬತ್ತು ವರ್ಷದೊಳಗಿನವರಿಗೆ ಸರದಿಯ ಆಯ್ಕೆ ಎಂದು ಏರ್ಪಾಡಾಗಿತ್ತು. ಮುಂದೆ ಎಳೆಯರೂ ಹರಾಜಿಗೆ ಬಂದರು. 2024ರ ನವೆಂಬರಿನಲ್ಲಿ ಬಿಹಾರದ ವೈಭವ್ ಸೂರ್ಯವಂಶಿ ಎಂಬ ಹದಿಮೂರು ವರ್ಷದ ಬಾಲಕನನ್ನು ರಾಜಸ್ಥಾನದ ತಂಡ 1.10 ಕೋಟಿ ರೂಪಾಯಿಗೆ ಕೊಂಡಿತು.

ಇದು ದೂರದವರ ಮಾತು ಎನ್ನುವಂತಿಲ್ಲ. ನಮ್ಮ ಜಿಲ್ಲಾ ಕೇಂದ್ರ ಅನಂತಪುರದಲ್ಲಿ, 1969ರಲ್ಲಿ ಈ ಬರದ ನಾಡಿಗೆ ಬಂದು ನೆಲೆಸಿದ ವಿನ್ಸೆಂಟ್ ಫೆರರ್ ಅವರ ಆರ್‌ಡಿಟಿ ಸಂಸ್ಥೆ ಕಟ್ಟಿದ ಕ್ರೀಡಾಗ್ರಾಮವಿದೆ. 2010ರಲ್ಲಿ ಟೆನಿಸ್ ಆಟಗಾರ ರಫೇಲ್ ನಡಾಲ್ ಸ್ವತಃ ಬಂದು ಅಲ್ಲಿ ತಮ್ಮ ಪ್ರತಿಷ್ಠಾನದ ಟೆನಿಸ್ ಶಾಲೆಯನ್ನು ಉದ್ಘಾಟಿಸಿದರು. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳು ಅದೇ ಮೈದಾನದಲ್ಲಿ ನಡೆದು, ಕರ್ನಾಟಕದ ಮಯಾಂಕ್ ಅಗರ್ವಾಲ್ ನಾಯಕರಾಗಿದ್ದ ಇಂಡಿಯಾ ‘ಎ’ ತಂಡ ಗೆದ್ದಿತು. ರಾಯದುರ್ಗ, ಕಲ್ಯಾಣದುರ್ಗ, ಉರವಕೊಂಡದ ಕಡೆಯ ಊರುಗಳಿಂದ ಆ ಪಟ್ಟಣಕ್ಕೆ ಹೋಗಿ ಬರುವ ನಮ್ಮ ಮಕ್ಕಳು ದೇಶದ ಆಟಗಾರರನ್ನು ಬೇಲಿಯ ಅಂಚಿನಲ್ಲಿ ನಿಂತು ನೋಡುವಂತಾಯಿತು. ಆಯ್ಕೆಯ ಶಿಬಿರ ಎಂಬ ಮಾತು ಈಗ ನಮ್ಮ ಹಳ್ಳಿಯ ಹುಡುಗರ ಬಾಯಲ್ಲಿಯೂ ಇದೆ. ಆಯ್ಕೆಯಾಗದೆ ಸಂಜೆಯ ಬಸ್ಸಿನಲ್ಲಿ ತಲೆ ತಗ್ಗಿಸಿ ಹಿಂದಿರುಗುವ ಹುಡುಗನೂ ನಮ್ಮ ಮನೆಯವನೇ.

ಮೊದಲು ಹೋಲಿಕೆಯ ಪರವಾಗಿ ಹೇಳಬೇಕಾದುದನ್ನು ಹೇಳೋಣ. ತಂಡದಲ್ಲಿ ಹನ್ನೊಂದು ಸ್ಥಾನಗಳಿದ್ದು ಇಪ್ಪತ್ತು ಹುಡುಗರು ಬಂದರೆ ಒಂಬತ್ತು ಜನರನ್ನು ಬಿಡಲೇಬೇಕು. ಪ್ರಾಮಾಣಿಕವಾದ ಹೋಲಿಕೆ ಅಲ್ಲಿ ನಡೆಯದಿದ್ದರೆ ಆಯ್ಕೆ ನಿಲ್ಲುವುದಿಲ್ಲ. ಹೋಲಿಕೆಯ ಜಾಗದಲ್ಲಿ ಶಿಫಾರಸು ಬಂದು ಕೂರುತ್ತದೆ, ಹಣ ಬಂದು ಕೂರುತ್ತದೆ, ಜಾತಿ ಬಂದು ಕೂರುತ್ತದೆ. ಹಸ್ತಿನಾವತಿಯ ರಂಗಭೂಮಿಗೆ ಕರ್ಣನು ಬಂದು, ಅರ್ಜುನನು ತೋರಿಸಿದ ವಿದ್ಯೆಯನ್ನೆಲ್ಲ ತಾನೂ ತೋರಿಸಿದಾಗ ಆದದ್ದೇನು? ಇಬ್ಬರ ಬಿಲ್ಲುಗಳನ್ನು ಹೋಲಿಸಬೇಕಾದ ಗಳಿಗೆಯಲ್ಲಿ ಕೃಪಾಚಾರ್ಯನು ಕುಲವನ್ನು ಕೇಳಿದ. ಕರ್ಣನ ತಲೆ ಬಾಗಿತು. ಅವನಿಗೆ ಆದ ಅನ್ಯಾಯ ಹೋಲಿಸಿದ್ದರಿಂದ ಆದುದಲ್ಲ, ಹೋಲಿಸಲು ಒಪ್ಪದಿದ್ದರಿಂದ ಆದದ್ದು. ಬಡವನ ಮಗನಿಗೆ ನ್ಯಾಯವಾದ ತಕ್ಕಡಿಗಿಂತ ದೊಡ್ಡ ನೆಂಟನಿಲ್ಲ. ಆದುದರಿಂದ ತಕ್ಕಡಿಯನ್ನು ಮುರಿಯುವುದು ಪರಿಹಾರವಲ್ಲ. ಹಿಡಿಯುವ ಕೈಗೆ ಕೆಲವು ಕಟ್ಟಳೆಗಳಿರಬೇಕು. ನನ್ನ ವಿಚಾರದಲ್ಲಿ ಹಿಡಿಯುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು.

ಮೊದಲನೆಯದು: ನಾನು ತೂಗುತ್ತಿರುವುದು ಆದುದನ್ನೋ, ಆಗಲಿರುವುದನ್ನೋ?

2009ರ ಮೇ ತಿಂಗಳಿನಲ್ಲಿ, ಐಪಿಎಲ್ ದಕ್ಷಿಣ ಆಫ್ರಿಕದಲ್ಲಿ ನಡೆದ ವರ್ಷ, ಬೆಂಗಳೂರಿನ ತಂಡಕ್ಕಾಗಿ ಆಡುತ್ತಿದ್ದ ಕರ್ನಾಟಕದ ಮನೀಶ್ ಪಾಂಡೆ ಔಟಾಗದೆ 114 ರನ್ ಹೊಡೆದರು. ಆ ಪಂದ್ಯಾವಳಿಯಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಅವರೇ. ಆಗ ಅವರಿಗೆ ಹತ್ತೊಂಬತ್ತು ವರ್ಷ. ಅದೇ ತಂಡದಲ್ಲಿ ಅವರಿಗಿಂತ ಸುಮಾರು ಹತ್ತು ತಿಂಗಳಷ್ಟೇ ದೊಡ್ಡವರಾದ ವಿರಾಟ್ ಕೊಹ್ಲಿ ಇದ್ದರು. ಇಬ್ಬರೂ 2008ರಲ್ಲಿ ಕಿರಿಯರ ವಿಶ್ವಕಪ್ ಗೆದ್ದ ಭಾರತ ತಂಡದವರು. ಆ ರಾತ್ರಿ ಯಾರನ್ನಾದರೂ ಕರೆದು ಇವರಿಬ್ಬರಲ್ಲಿ ಮುಂದೆ ಬರುವವರು ಯಾರು ಎಂದು ಕೇಳಿದ್ದರೆ ಉತ್ತರ ಏನಿರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಕೊಹ್ಲಿಯವರಿಗೆ ಐಪಿಎಲ್‌ನಲ್ಲಿ ಮೊದಲ ಶತಕ ಬಂದದ್ದು 2016ರಲ್ಲಿ. ಆಮೇಲಿನ ಕಥೆ ಎಲ್ಲರಿಗೂ ತಿಳಿದಿದೆ. ಹಾಗೆಂದು ಮನೀಶ್ ಪಾಂಡೆ ಸೋತವರೇ? 2014ರ ಐಪಿಎಲ್ ಅಂತಿಮ ಪಂದ್ಯದಲ್ಲಿ ಅವರು ಹೊಡೆದ 94 ರನ್ ಕೋಲ್ಕತ್ತಕ್ಕೆ ಕಪ್ಪು ತಂದಿತು. ಕರ್ನಾಟಕ ರಣಜಿ ಗೆದ್ದ ದಿನಗಳಲ್ಲಿ ಅವರ ಬ್ಯಾಟಿನ ಪಾಲಿದೆ. ಅವರ ಬದುಕು ಅವರದೇ ಅಳತೆಯಲ್ಲಿ ತುಂಬಿದ ಬದುಕು. ಇನ್ನೊಬ್ಬರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ನಮ್ಮ ಕಣ್ಣಿಗೆ ಅದು ಕಡಿಮೆಯಾಗಿ ಕಾಣುತ್ತದೆ. ಕಡಿಮೆಯಾಗಿರುವುದು ನಮ್ಮ ನೋಟ.

ಆದುದನ್ನು ತೂಗುವಾಗ ಸಾಕ್ಷಿ ಇರುತ್ತದೆ. ಎಷ್ಟು ರನ್, ಎಷ್ಟು ಬುಟ್ಟಿ, ಎಷ್ಟು ಅಂಕ ಎಂದು ಲೆಕ್ಕ ಹೇಳಬಹುದು. ಆಗಲಿರುವುದನ್ನು ತೂಗುವಾಗ ಇರುವುದು ಊಹೆ. ನಮ್ಮ ಎರೆಹೊಲದ ರೈತನಿಗೂ ಕೆಂಪುನೆಲದಲ್ಲಿ ಶೇಂಗಾ ಹಾಕುವ ರೈತನಿಗೂ ಇದು ಚೆನ್ನಾಗಿ ಗೊತ್ತು. ಅವನು ಬೀಜವನ್ನು ಆರಿಸದೆ ಬಿತ್ತುವುದಿಲ್ಲ. ಸೊರಗಿದ ಕಾಳನ್ನು ತೆಗೆದು ಗಟ್ಟಿ ಕಾಳನ್ನು ಇಟ್ಟುಕೊಳ್ಳುತ್ತಾನೆ. ಆದರೆ ಬೀಜದ ಚೀಲವನ್ನು ನೋಡಿ ಇಂತಿಷ್ಟು ಮೂಟೆ ಬೆಳೆ ಬಂದೇ ಬಿಟ್ಟಿತು ಎಂದು ಸಾಲ ತೀರಿಸುವ ಮಾತಾಡುವುದಿಲ್ಲ. ನಡುವೆ ಮಳೆ ಎಂಬುದೊಂದಿದೆ. ಹುಡುಗನ ಬಾಳಿನಲ್ಲಿಯೂ ಮಳೆ ಇದೆ: ಒಳ್ಳೆಯ ಗುರು, ಹೊಟ್ಟೆತುಂಬ ಊಟ, ಮುರಿಯದ ಮೂಳೆ, ಮನೆಯ ನೆಮ್ಮದಿ, ಸಕಾಲಕ್ಕೆ ಸಿಕ್ಕ ಒಂದು ಅವಕಾಶ. ಇವು ಯಾವುವೂ ಆಯ್ಕೆಯ ದಿನದ ಅಳತೆಪಟ್ಟಿಗೆ ಸಿಗುವುದಿಲ್ಲ.

ಇಂದಿನ ಅಳತೆಯೂ ಎಷ್ಟು ಮೋಸಗೊಳಿಸುತ್ತದೆ ಎಂಬುದಕ್ಕೆ ಕೆನಡಾ ದೇಶದ ಐಸ್ ಹಾಕಿ ಆಟದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಅಲ್ಲಿ ಮಕ್ಕಳನ್ನು ಜನವರಿ ಒಂದನೆಯ ತಾರೀಖಿನ ವಯಸ್ಸಿನ ಪ್ರಕಾರ ಗುಂಪು ಮಾಡುತ್ತಾರೆ. ಉನ್ನತ ತಂಡಗಳಿಗೆ ಆಯ್ಕೆಯಾದವರನ್ನು ಪರಿಶೀಲಿಸಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡರು. ಕಾರಣ ಸರಳ. ಒಂಬತ್ತು ವರ್ಷದ ಮಕ್ಕಳಲ್ಲಿ ಹತ್ತು ಹನ್ನೊಂದು ತಿಂಗಳ ಅಂತರವೆಂದರೆ ದೇಹದಲ್ಲಿ ಬಹಳ ಅಂತರ. ದೊಡ್ಡವನಾಗಿ ಕಂಡವನನ್ನು ಪ್ರತಿಭಾವಂತನೆಂದು ಆರಿಸಿದರು, ಹೆಚ್ಚು ಅಭ್ಯಾಸ ಕೊಟ್ಟರು, ಅವನು ನಿಜವಾಗಿಯೂ ಮುಂದೆ ಬಂದ. ಡಿಸೆಂಬರಿನಲ್ಲಿ ಹುಟ್ಟಿದವನು ತನಗೆ ಆಟ ಬರುವುದಿಲ್ಲವೆಂದು ನಂಬಿ ಮನೆಗೆ ಹೋದ. ಒಂದನೆಯ ತರಗತಿಯ ಬೆಂಚುಗಳನ್ನು ಕಂಡ ಯಾವ ಉಪಾಧ್ಯಾಯನಿಗೂ ಇದು ಹೊಸ ಮಾತಲ್ಲ. ಜಾಣನೆಂದು ನಾವು ಬೆನ್ನು ತಟ್ಟುವ ಮಗು ಎಷ್ಟೋ ಸಲ ಎಂಟು ತಿಂಗಳು ಮುಂಚೆ ಹುಟ್ಟಿದ ಮಗುವಾಗಿರುತ್ತದೆ.

ಎರಡನೆಯ ಪ್ರಶ್ನೆ: ನಾನು ಹೇಳುತ್ತಿರುವುದು ಹುಡುಗನ ಯೋಗ್ಯತೆಯನ್ನೋ, ನನ್ನ ಅಗತ್ಯವನ್ನೋ?

1984ರ ಅಮೆರಿಕದ ಆಯ್ಕೆ ಸಭೆ ಈ ವಿಷಯದಲ್ಲಿ ಪಾಠದಂತಿದೆ. ಮೊದಲ ಸರದಿಯ ಹ್ಯೂಸ್ಟನ್ ತಂಡ ಹಕೀಮ್ ಒಲಾಜುವಾನ್ ಅವರನ್ನು ಆರಿಸಿತು. ಎರಡನೆಯ ಸರದಿಯ ಪೋರ್ಟ್‌ಲ್ಯಾಂಡ್ ತಂಡ ಏಳಡಿಗೂ ಮೀರಿದ ಎತ್ತರದ ಸ್ಯಾಮ್ ಬೋವಿ ಅವರನ್ನು ಆರಿಸಿತು. ಮೂರನೆಯ ಸರದಿಯ ಶಿಕಾಗೊ ತಂಡಕ್ಕೆ ಸಿಕ್ಕವರು ಮೈಕೆಲ್ ಜೋರ್ಡಾನ್. ಮುಂದೆ ಜೋರ್ಡಾನ್ ಆರು ಬಾರಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಬೋವಿಯವರ ಕಾಲಿನ ಮೂಳೆ ಮತ್ತೆ ಮತ್ತೆ ಮುರಿಯಿತು. ಪೋರ್ಟ್‌ಲ್ಯಾಂಡಿನವರು ಮೂರ್ಖರೇ? ಅಲ್ಲ. ಜೋರ್ಡಾನ್ ಆಡುವ ಜಾಗಕ್ಕೆ ಅವರಲ್ಲಿ ಆಗಲೇ ಕ್ಲೈಡ್ ಡ್ರೆಕ್ಸ್‌ಲರ್ ಎಂಬ ಒಳ್ಳೆಯ ಆಟಗಾರ ಇದ್ದರು. ಬೇಕಾಗಿದ್ದುದು ಬುಟ್ಟಿಯ ಬಳಿ ನಿಲ್ಲುವ ಎತ್ತರದ ಆಳು. ಅವರು ತೂಗಿದ್ದು ತಮ್ಮ ಅಗತ್ಯವನ್ನು. ಲೋಕ ಮಾತ್ರ ಅದನ್ನು ಇಬ್ಬರು ಯುವಕರ ಯೋಗ್ಯತೆಯ ತೀರ್ಪೆಂದು ಓದಿತು.

ಅದೇ ಸಂಗತಿ 2008ರಲ್ಲಿ ನಮ್ಮಲ್ಲಿಯೂ ನಡೆಯಿತು. ಕಿರಿಯರ ಸರದಿಯ ಆಯ್ಕೆಯಲ್ಲಿ ದೆಹಲಿಯ ತಂಡ, ತನ್ನದೇ ಊರಿನ ವಿರಾಟ್ ಕೊಹ್ಲಿಯವರನ್ನು ಬಿಟ್ಟು, ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ತೆಗೆದುಕೊಂಡಿತು. ಸೆಹ್ವಾಗ್, ಗಂಭೀರ್, ಡಿವಿಲಿಯರ್ಸ್, ಧವನ್ ಅವರಂಥ ಬ್ಯಾಟಿನವರು ಆ ತಂಡದಲ್ಲಿ ಆಗಲೇ ತುಂಬಿದ್ದರು. ಕೊಹ್ಲಿ ಬೆಂಗಳೂರಿಗೆ ಬಂದರು. ಹದಿನೆಂಟನೆಯ ಪಂದ್ಯಾವಳಿಯಲ್ಲಿ, 2025ರ ಜೂನ್ 3ರಂದು, ಅದೇ ತಂಡದಲ್ಲಿ ಉಳಿದು ಕಪ್ಪು ಎತ್ತಿದರು.

ಈ ಎರಡು ಪ್ರಸಂಗಗಳಲ್ಲಿಯೂ ನಾವು ಸಾಮಾನ್ಯವಾಗಿ ಮರುಕಪಡುವುದು ಬಿಟ್ಟವರ ಬಗ್ಗೆ, ಎಂಥ ರತ್ನವನ್ನು ಕಳೆದುಕೊಂಡರಲ್ಲ ಎಂದು. ನನ್ನ ಮನಸ್ಸು ಹೋಗುವುದು ಆಯ್ಕೆಯಾದ ಆ ಇನ್ನೊಬ್ಬರ ಕಡೆಗೆ. ಸ್ಯಾಮ್ ಬೋವಿ ಯಾರಿಗೂ ಮೋಸ ಮಾಡಿದವರಲ್ಲ. ತನ್ನನ್ನು ಎರಡನೆಯವನಾಗಿ ಕರೆಯಿರಿ ಎಂದು ಬೇಡಿದವರಲ್ಲ. ಮುರಿದ ಕಾಲನ್ನು ಕೂಡಿಸಿಕೊಂಡು 1995ರ ವರೆಗೂ ಆ ದೊಡ್ಡ ಪಂದ್ಯಾವಳಿಯಲ್ಲಿ ಆಡಿದವರು. ಆದರೂ ಅವರ ಹೆಸರು ಒಂದು ತಪ್ಪು ಆಯ್ಕೆಯ ಗಾದೆಯಾಗಿ ಉಳಿದಿದೆ. ಆರಿಸಿದವರ ಲೆಕ್ಕ ತಪ್ಪಿತು, ಹಣೆಪಟ್ಟಿ ಹುಡುಗನಿಗೆ ಅಂಟಿತು. ಹೋಲಿಕೆ ಬಿಟ್ಟವನನ್ನು ನೋಯಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಆರಿಸಿದವನನ್ನೂ ಜೀವಮಾನವೆಲ್ಲ ನೋಯಿಸಬಲ್ಲದು. ಆದುದರಿಂದ ತೂಗುವವನು ‘ಈ ಸಲ ನಮಗೆ ಬೇಕಾದವನು ಇವನು’ ಎಂದಷ್ಟೇ ಹೇಳಬೇಕು. ‘ಇವನು ಹೆಚ್ಚಿನವನು, ಅವನು ಕಡಿಮೆಯವನು’ ಎಂದು ಹೇಳುವ ಅಧಿಕಾರ ಅವನಿಗಿಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿಯೇ ಆಯ್ಕೆಯ ಧರ್ಮ ಅಡಗಿದೆ.

ಮೂರನೆಯ ಪ್ರಶ್ನೆ: ನನ್ನ ತೂಕ ತಪ್ಪಿದರೆ ಆ ನಷ್ಟ ಯಾರದು? ಬಿಟ್ಟವನಿಗೆ ಬಾಗಿಲು ತೆರೆದಿದೆಯೇ?

2014ರಲ್ಲಿ ಸೆರ್ಬಿಯಾ ದೇಶದ ನಿಕೋಲ ಯೋಕಿಚ್ ಎಂಬ ಯುವಕನನ್ನು ಡೆನ್ವರ್ ತಂಡ 41ನೆಯವನಾಗಿ ಆರಿಸಿತು. ಆ ಹೆಸರನ್ನು ಕರೆದ ಗಳಿಗೆಯಲ್ಲಿ ಅಮೆರಿಕದ ದೂರದರ್ಶನ ತಿಂಡಿಯೊಂದರ ಜಾಹೀರಾತು ತೋರಿಸುತ್ತಿತ್ತು. ಅವರೇ ಮುಂದೆ ಮೂರು ಬಾರಿ ವರ್ಷದ ಅತ್ಯುತ್ತಮ ಆಟಗಾರರಾದರು, 2023ರಲ್ಲಿ ತಂಡಕ್ಕೆ ಪ್ರಶಸ್ತಿ ತಂದರು. ನಲವತ್ತು ಹೆಸರುಗಳ ನಂತರವೂ ಬಾಗಿಲು ತೆರೆದಿದ್ದರಿಂದ ಅವರು ಒಳಗೆ ಬಂದರು. ಮರುವರ್ಷ, 2015ರಲ್ಲಿ, ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದರು. 7 ಅಡಿ 2 ಅಂಗುಲ ಎತ್ತರದ ಆ ಯುವಕ ಭಾರತದಲ್ಲಿ ಹುಟ್ಟಿ ಆ ಪಟ್ಟಿಗೆ ಸೇರಿದ ಮೊದಲಿಗರು. ದೇಶವೇ ಕುಣಿಯಿತು. ಆದರೆ ಆ ಪಂದ್ಯಾವಳಿಯ ಅಂಗಳಕ್ಕೆ ಇಳಿಯುವ ಅವಕಾಶ ಅವರಿಗೆ ಬರಲಿಲ್ಲ. ಮುಂದೆ ಅವರು ವೃತ್ತಿಪರ ಕುಸ್ತಿಯ ಕಡೆಗೆ ತಿರುಗಿದರು. ಹದಿನಾಲ್ಕರ ವಯಸ್ಸಿನಲ್ಲಿ ಮನೆ, ಮಾತು, ಮಣ್ಣು ಬಿಟ್ಟು ಫ್ಲಾರಿಡಾಕ್ಕೆ ಹೋದ ಹುಡುಗ ಅವರು. ತಂಡದ ಪಾಲಿಗೆ ಅದು 52ನೆಯ ಸರದಿಯ ಒಂದು ಪ್ರಯತ್ನ. ಹುಡುಗನ ಪಾಲಿಗೆ ಅದು ಇಡೀ ಹರೆಯ. ಊಹೆ ಮಾಡಿದವನಿಗೂ ಊಹೆಗೆ ಒಳಗಾದವನಿಗೂ ನಷ್ಟ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನು ಮರೆಯಬಾರದು.

ಬಾಗಿಲು ತೆರೆದಿಡುವುದು ಹೇಗೆಂದು ತೋರಿಸಿಕೊಟ್ಟವರು ನಮ್ಮ ರಾಹುಲ್ ದ್ರಾವಿಡ್. ಭಾರತ ‘ಎ’ ತಂಡಕ್ಕೂ ಹತ್ತೊಂಬತ್ತರೊಳಗಿನವರ ತಂಡಕ್ಕೂ ಗುರುವಾಗಿದ್ದಾಗ, ಪ್ರವಾಸಕ್ಕೆ ಬಂದ ಪ್ರತಿಯೊಬ್ಬನೂ ಆಡಲೇಬೇಕು, ಯಾರೂ ಕುರ್ಚಿಯ ಮೇಲೆ ಕುಳಿತು ಹಿಂದಿರುಗಬಾರದು ಎಂಬ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. ಚಿಕ್ಕಂದಿನಲ್ಲಿ ಪ್ರವಾಸ ಹೋಗಿ ಆಡದೆ ಹಿಂದಿರುಗುವ ನೋವು ತಮಗೂ ಗೊತ್ತು ಎಂದು ಹೇಳಿದ್ದರು. ಒಬ್ಬ ಹುಡುಗನಿಗೆ ಒಂದೇ ಕಿರಿಯರ ವಿಶ್ವಕಪ್ ಎಂಬ ನಿಯಮಕ್ಕೂ ಅವರ ಒತ್ತಾಸೆಯಿತ್ತು. ಗೆದ್ದವನೇ ಮತ್ತೆ ಆಡಿದರೆ ಕಾಯುವವನು ಕಾಯುತ್ತಲೇ ಇರಬೇಕಾಗುತ್ತದೆ. 2018ರಲ್ಲಿ ಆ ಕಿರಿಯರು ವಿಶ್ವಕಪ್ ಗೆದ್ದಾಗ, ತಮಗೆ ಘೋಷಿಸಿದ್ದ 50 ಲಕ್ಷ ರೂಪಾಯಿ ತಮ್ಮ ಸಹಾಯಕರಿಗೆ ಘೋಷಿಸಿದ್ದಕ್ಕಿಂತ ಹೆಚ್ಚಾಗಿದೆಯೆಂದು ಆಕ್ಷೇಪಿಸಿ, ಎಲ್ಲರಿಗೂ 25 ಲಕ್ಷದಂತೆ ಸಮನಾಗಿ ಹಂಚುವಂತೆ ಮಾಡಿದರು. ಹೋಲಿಸಿ ಆರಿಸುವ ಕೆಲಸದಲ್ಲಿಯೇ ಇದ್ದು, ಹೋಲಿಕೆಯ ವಿಷ ಮಕ್ಕಳಿಗೆ ತಟ್ಟದಂತೆ ನೋಡಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಚಿತ್ರವನ್ನು ವ್ಯಾಸರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಮರದ ಮೇಲಿನ ಹಕ್ಕಿಯನ್ನು ತೋರಿಸಿ, ನಿನಗೇನು ಕಾಣುತ್ತದೆ ಎಂದು ಒಬ್ಬೊಬ್ಬ ಶಿಷ್ಯನನ್ನೂ ಕೇಳಿದ ದ್ರೋಣರ ಪರೀಕ್ಷೆ ನ್ಯಾಯವಾದ ಪರೀಕ್ಷೆ. ಎಲ್ಲರಿಗೂ ಒಂದೇ ಹಕ್ಕಿ, ಒಂದೇ ಪ್ರಶ್ನೆ, ಕಣ್ಣೆದುರಿನ ಸಾಕ್ಷಿ. ಆದರೆ ಅದೇ ದ್ರೋಣರು, ನಿನ್ನನ್ನು ಮೀರಿಸುವ ಬಿಲ್ಲುಗಾರ ಲೋಕದಲ್ಲಿಲ್ಲದಂತೆ ಮಾಡುತ್ತೇನೆ ಎಂದು ಅರ್ಜುನನಿಗೆ ಮಾತು ಕೊಟ್ಟರು. ಆದುದನ್ನು ತೂಗಿದ ಗುರು ಆಗಲಿರುವುದನ್ನೂ ನಿರ್ಧರಿಸಲು ಹೊರಟರು. ಆ ಮಾತನ್ನು ಉಳಿಸಿಕೊಳ್ಳಲು ಏಕಲವ್ಯನ ಹೆಬ್ಬೆರಳು ಬೇಕಾಯಿತು. ಏಕಲವ್ಯನಿಗಾದ ಅನ್ಯಾಯವನ್ನು ಎಲ್ಲರೂ ಕಂಡಿದ್ದೇವೆ. ಅರ್ಜುನನಿಗಾದ ನಷ್ಟವೂ ಸಣ್ಣದಲ್ಲ. ಅವನ ಮೊದಲ ಸ್ಥಾನ ತನ್ನ ತೋಳಿನಿಂದ ಬಂದದ್ದೋ, ಇನ್ನೊಬ್ಬನ ಬೆರಳಿನಿಂದ ಬಂದದ್ದೋ ಎಂಬ ಸಂದೇಹ ಶಾಶ್ವತವಾಗಿ ಉಳಿಯಿತು. ಬಾಗಿಲು ಮುಚ್ಚಿ ಗೆಲ್ಲಿಸಿದ ಗೆಲುವು ಗೆದ್ದವನಿಗೂ ಪೂರ್ತಿ ಸಲ್ಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ವೃತ್ತಿಪರ ತಂಡ ಧರ್ಮಛತ್ರವಲ್ಲ, ಹಣ ಹಾಕಿದವನು ಲಾಭದ ಲೆಕ್ಕ ನೋಡುತ್ತಾನೆ, ನಾಳೆಯನ್ನು ಊಹಿಸದೆ ಯಾವ ವ್ಯಾಪಾರ ನಡೆಯುತ್ತದೆ? ಮಾತು ನಿಜ. ತಿಳಿದು ಒಪ್ಪಿ ಬಂದ ಪ್ರಾಯದವನ ವಿಷಯದಲ್ಲಿ ಈ ವಾದವನ್ನು ಬಹುಮಟ್ಟಿಗೆ ಒಪ್ಪಬಹುದು. ವೈಭವ್ ಸೂರ್ಯವಂಶಿ ಮರುವರ್ಷವೇ, ಹದಿನಾಲ್ಕನೆಯ ವಯಸ್ಸಿನಲ್ಲಿ, 35 ಎಸೆತಗಳಲ್ಲಿ ಶತಕ ಹೊಡೆದು ತಮ್ಮನ್ನು ಆರಿಸಿದವರ ಊಹೆಯನ್ನು ನಿಜಮಾಡಿದರು. ಆ ಬಾಲಕನಿಗೆ ಒಳ್ಳೆಯದಾಗಲಿ. ಆದರೆ ಆ ಒಂದು ಹೆಸರನ್ನು ಪತ್ರಿಕೆಯಲ್ಲಿ ಓದಿ, ತಮ್ಮ ಹತ್ತು ವರ್ಷದ ಮಗನ ಪುಸ್ತಕದ ಚೀಲ ಇಳಿಸಿ ಬ್ಯಾಟಿನ ಚೀಲ ಹೊರಿಸುವ ತಂದೆತಾಯಿಗಳು ಎಷ್ಟೋ ಮಂದಿ. ವ್ಯಾಪಾರಿ ತನ್ನ ಊಹೆಗೆ ತನ್ನ ಹಣವನ್ನು ಪಣವಿಡುತ್ತಾನೆ. ತಂದೆ ಪಣವಿಡುವುದು ಮಗನ ಬಾಲ್ಯವನ್ನು, ಅದೂ ಮಗನನ್ನು ಕೇಳದೆ. ಆಡುವ ಮಗುವಿಗೆ ಆಟ ಕೊಡಿ, ಗುರುವನ್ನು ಕೊಡಿ, ಬೂಟು ಕೊಡಿ. ಓದಿನ ಬಾಗಿಲನ್ನು ಮಾತ್ರ ಮುಚ್ಚಬೇಡಿ. ಆಡುವ ಪ್ರಾಯ ಮುಗಿದ ಮೇಲೂ ಅವನು ಮೂವತ್ತು ನಲವತ್ತು ವರ್ಷ ದುಡಿದು ಬಾಳಬೇಕು.

ಕೊನೆಯದಾಗಿ ಈ ತಕ್ಕಡಿ ನಮ್ಮ ಮನೆಗಳಲ್ಲಿಯೂ ಇದೆ ಎಂಬುದನ್ನು ಹೇಳಬೇಕು. ಅಣ್ಣನ ಅಂಕದ ಪಕ್ಕದಲ್ಲಿ ತಮ್ಮನ ಅಂಕ, ನೆರೆಮನೆಯವರ ಮಗಳ ಪಕ್ಕದಲ್ಲಿ ನಮ್ಮ ಮಗಳು. ಮೈದಾನದಲ್ಲಿ ಹನ್ನೊಂದೇ ಸ್ಥಾನಗಳಿರುವುದರಿಂದ ಹೋಲಿಕೆಗೆ ಒಂದು ನೆಪವಿದೆ. ಮನೆಯಲ್ಲಿ ಆ ನೆಪವೂ ಇಲ್ಲ. ತಾಯಿಯ ಮಡಿಲಿಗೆ ಆಯ್ಕೆ ಸಮಿತಿ ಬೇಕಾಗಿಲ್ಲ. ಇದರಂತೆಯೇ, ಆಂಧ್ರದ ಈ ಗಡಿ ಸೀಮೆಯಲ್ಲಿ ಕನ್ನಡ ಶಾಲೆಗೆ ಮಗುವನ್ನು ಸೇರಿಸಲು ಹೊರಟವರು ಕೇಳುವ ಮಾತು ಒಂದುಂಟು: ‘ಕನ್ನಡದಲ್ಲಿ ಓದಿದವರಿಗೆ ಭವಿಷ್ಯವಿಲ್ಲ.’ ಆರು ವರ್ಷದ ಮಗುವಿನ ನಾಳೆಯನ್ನು ಒಂದೇ ವಾಕ್ಯದಲ್ಲಿ ತೂಗಿ ಮುಗಿಸುವ ಈ ಮಾತಿಗೂ ಮೇಲಿನ ಮೂರು ಪ್ರಶ್ನೆಗಳನ್ನು ಹಾಕಿ ನೋಡಬೇಕು. ಆ ಮಾತನ್ನಾಡುವವರು ಕಂಡದ್ದನ್ನು ಹೇಳುತ್ತಿದ್ದಾರೆಯೇ, ಊಹಿಸುತ್ತಿದ್ದಾರೆಯೇ? ಹೇಳುತ್ತಿರುವುದು ಮಗುವಿನ ಶಕ್ತಿಯನ್ನೇ, ತಮ್ಮ ಭಯವನ್ನೇ? ಊಹೆ ತಪ್ಪಿದರೆ, ಮಾತೃಭಾಷೆಯನ್ನು ಕಳೆದುಕೊಂಡ ಮಗುವಿಗೆ ಅದನ್ನು ಹಿಂದಿರುಗಿಸುವವರು ಯಾರು? ಕನ್ನಡ ಸಂಘದ ಅಂಗಳದಲ್ಲಿ ಸೇರಿರುವ ನಾವು ಈ ಪ್ರಶ್ನೆಗಳಿಗೆ ಮಾತಿನಿಂದಷ್ಟೇ ಉತ್ತರ ಕೊಟ್ಟರೆ ಸಾಲದು. ಕನ್ನಡದಲ್ಲಿ ಓದಿದ ಮಗು ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯುವಂತೆ ನೆರವಾಗಿ, ಬಾಗಿಲುಗಳನ್ನು ನಾವೇ ತೆರೆದಿಡಬೇಕು.

ಆರಿಸುವುದು ಲೋಕದ ಅನಿವಾರ್ಯ. ಆದುದನ್ನು ನಿಷ್ಪಕ್ಷಪಾತವಾಗಿ ತೂಗಲಿ, ಆಗಲಿರುವುದರ ಬಗ್ಗೆ ವಿನಯದಿಂದ ಮಾತಾಡಲಿ. ತನ್ನ ಅಗತ್ಯಕ್ಕೆ ಎಳೆಯರ ಯೋಗ್ಯತೆಯ ಹೆಸರು ಇಡದಿರಲಿ. ಬಿಟ್ಟವನ ಮುಖವನ್ನು ಒಮ್ಮೆ ನೋಡಿ, ಮುಂದಿನ ಸಲ ಯಾವಾಗ ಬರಬೇಕೆಂದು ಅವನಿಗೆ ತಿಳಿಸಲಿ. ಇಷ್ಟನ್ನು ಮಾಡಿದರೆ ತಕ್ಕಡಿ ಹಿಡಿದ ಕೈ ಧರ್ಮದ ಕೈಯೇ ಆಗುತ್ತದೆ.